ರಾಜ್ಯಸಭಾ ಸದಸ್ಯರು ಏನು ಮಾತಾಡಿದರು, ಯಾವ ಕಡೆ ಮತ ಹಾಕಿದರು: ದಾಖಲೆ ಹುಡುಕಿ ಓದುವ ಬಗೆ

ಶಿರಸಿಯ ಹತ್ತಿರದ ಒಂದು ಊರಿನಲ್ಲಿ ಸೊಪ್ಪಿನ ಬೆಟ್ಟದ (ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡಿನ) ಹಕ್ಕಿನ ಕುರಿತು ನಡೆದ ಸಭೆ ಮುಗಿದ ಮೇಲೆ, ಅಡಿಕೆ ತೋಟದ ಹಿರಿಯರೊಬ್ಬರು ನನ್ನನ್ನು ಕರೆದು, 2023ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಬಂದಾಗ ನಮ್ಮ ರಾಜ್ಯದ ರಾಜ್ಯಸಭಾ ಸದಸ್ಯರು ಏನು ಮಾಡಿದರು ಎಂದು ಕೇಳಿದರು. ನಾನು ಮನೆಗೆ ಬಂದು ಕಂಪ್ಯೂಟರ್ ತೆರೆದು, ಕೆಲವು ಸದಸ್ಯರ ಹಾಜರಾತಿಯ ಶೇಕಡಾವಾರು ಲೆಕ್ಕವನ್ನೂ ಅವರು ಕೇಳಿದ ಪ್ರಶ್ನೆಗಳ ಸಂಖ್ಯೆಯನ್ನೂ ಬರೆದುಕೊಂಡು ಹೋಗಿ ಒಪ್ಪಿಸಿದೆ. ಅವರು ಚೀಟಿಯನ್ನು ನೋಡಿ ಪಕ್ಕಕ್ಕಿಟ್ಟು, "ಹಾಜರಿ ಲೆಕ್ಕ ಯಾರು ಕೇಳಿದ್ದು ತಮಾ? ಆ ದಿನ ಎಂತ ಹೇಳಿದ್ರು, ಯಾವ ಬದಿಗೆ ಓಟು ಹಾಕಿದ್ರು, ಅದನ್ನ ಹೇಳು" ಎಂದರು. ಅವರ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಲು ನನಗೆ ಹಲವು ಸಂಜೆಗಳು ಹಿಡಿದವು. ಕಾರವಾರದಲ್ಲಾಗಲಿ, ಅಂಕೋಲಾದಲ್ಲಾಗಲಿ, ಸಿದ್ದಾಪುರದಲ್ಲಾಗಲಿ ಇದೇ ಪ್ರಶ್ನೆ ಇಟ್ಟುಕೊಂಡವರಿಗೆ ಆ ಹುಡುಕಾಟ ಸುಲಭವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು, ಯಾರನ್ನು ಹುಡುಕುತ್ತಿದ್ದೇವೆ ಎಂಬುದು ಸ್ಪಷ್ಟವಾಗಲಿ

ನಮ್ಮಲ್ಲಿ 'ಮೇಲ್ಮನೆ' ಎಂಬ ಶಬ್ದ ಎರಡು ಸದನಗಳಿಗೆ ಸಲ್ಲುತ್ತದೆ. ಒಂದು ಬೆಂಗಳೂರಿನ ವಿಧಾನ ಪರಿಷತ್ತು, ಇನ್ನೊಂದು ದೆಹಲಿಯ ರಾಜ್ಯಸಭೆ. ನಮ್ಮ ಜಿಲ್ಲೆಯ ಶಾಂತಾರಾಮ ಸಿದ್ದಿಯವರು 2020ರಲ್ಲಿ ನಾಮನಿರ್ದೇಶನಗೊಂಡದ್ದು ವಿಧಾನ ಪರಿಷತ್ತಿಗೆ. ಅವರ ಮಾತುಗಳನ್ನು ರಾಜ್ಯಸಭೆಯ ಕಡತದಲ್ಲಿ ಹುಡುಕಿದರೆ ಸಿಗುವುದಿಲ್ಲ. ಹಾಗೆಯೇ ಉತ್ತರ ಕನ್ನಡ ಲೋಕಸಭಾ ಕ್ಷೇತ್ರದಿಂದ ಗೆದ್ದವರ ದಾಖಲೆ ಲೋಕಸಭೆಯ ವಿಭಾಗದಲ್ಲಿರುತ್ತದೆ.

ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12 ಸ್ಥಾನಗಳಿವೆ. ಈ ಸದಸ್ಯರನ್ನು ನಮ್ಮ ಶಾಸಕರು ಆರಿಸುತ್ತಾರೆ, ಅವರ ಅವಧಿ 6 ವರ್ಷ, ಮತ್ತು ಸದನದ ಮೂರನೇ ಒಂದು ಭಾಗ ಎರಡು ವರ್ಷಕ್ಕೊಮ್ಮೆ ನಿವೃತ್ತವಾಗುತ್ತದೆ. ಇವರಿಗೆ ಜಿಲ್ಲೆಯ ಕ್ಷೇತ್ರ ಎಂಬುದಿಲ್ಲದ ಕಾರಣ, 'ನಮ್ಮ ಜಿಲ್ಲೆಯ ರಾಜ್ಯಸಭಾ ಸದಸ್ಯ' ಎಂಬ ಹುಡುಕಾಟಕ್ಕೆ ಅರ್ಥವಿಲ್ಲ. ಹನ್ನೆರಡು ಜನರೂ ಕಾರವಾರಕ್ಕೆ ಎಷ್ಟು ಸಂಬಂಧಿಸಿದವರೋ ಕಲಬುರಗಿಗೂ ಅಷ್ಟೇ ಸಂಬಂಧಿಸಿದವರು. ಆದ್ದರಿಂದ ನೀವು ನೋಡುತ್ತಿರುವ ಮಸೂದೆ ಬಂದ ದಿನ ಯಾರು ಯಾರು ಸದಸ್ಯರಾಗಿದ್ದರು ಎಂಬುದನ್ನು, ಅವರ ಅವಧಿಯ ಆರಂಭ ಮತ್ತು ಅಂತ್ಯದ ದಿನಾಂಕಗಳೊಂದಿಗೆ, ಮೊದಲು ಬರೆದುಕೊಳ್ಳಬೇಕು.

ಹಳೆಯ ಸದಸ್ಯರನ್ನು ಹುಡುಕುವವರಿಗೆ ಈ ದಿನಾಂಕಗಳು ಇನ್ನೂ ಮುಖ್ಯ. ಸಿದ್ದಾಪುರ ತಾಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು ಎರಡು ಬಾರಿ ರಾಜ್ಯಸಭೆಯಲ್ಲಿದ್ದರು: 1978ರಿಂದ ಮುಖ್ಯಮಂತ್ರಿಯಾದ 1983ರವರೆಗೆ ಒಮ್ಮೆ, 1996ರಿಂದ 2002ರವರೆಗೆ ಮತ್ತೊಮ್ಮೆ. ಮಾರ್ಗರೆಟ್ ಆಳ್ವ ಅವರು 1974ರಿಂದ 1998ರವರೆಗೆ ರಾಜ್ಯಸಭೆಯಲ್ಲಿದ್ದು, 1999ರಲ್ಲಿ ನಮ್ಮ ಕೆನರಾ (ಈಗಿನ ಉತ್ತರ ಕನ್ನಡ) ಕ್ಷೇತ್ರದಿಂದ ಲೋಕಸಭೆಗೆ ಗೆದ್ದರು. ಅವರ ಸಂಸದೀಯ ಮಾತುಗಳನ್ನು ಪೂರ್ತಿ ಓದಬೇಕೆಂದರೆ ಎರಡೂ ಸದನಗಳ ಭಂಡಾರಗಳನ್ನು ತೆರೆಯಬೇಕಾಗುತ್ತದೆ.

ಎರಡನೆಯದಾಗಿ, ಒಂದೇ ವಿಷಯವನ್ನು ಆರಿಸಿಕೊಳ್ಳಿ

ಸದಸ್ಯರೊಬ್ಬರ ಆರು ವರ್ಷಗಳ ಸಮಸ್ತ ದಾಖಲೆಯನ್ನು ಒಮ್ಮೆಲೇ ಓದಲು ಕೂತರೆ ದಣಿವು ಬಿಟ್ಟು ಬೇರೇನೂ ಸಿಗದು. ನಿಮ್ಮ ಬದುಕಿಗೆ ತಾಗುವ ಒಂದು ವಿಷಯವನ್ನು ಹಿಡಿದು ಅದರ ಜಾಡಿನಲ್ಲಿ ಹೋಗುವುದೇ ಸರಿ ಎಂದು ನನ್ನ ದೃಢ ಅಭಿಪ್ರಾಯ. ಘಟ್ಟದ ಮೇಲಿನವರಿಗೆ ಅದು ಅರಣ್ಯ ಹಕ್ಕು ಅಥವಾ ಅಡಿಕೆ ಆಮದು ಆಗಿರಬಹುದು. ಕರಾವಳಿಯವರಿಗೆ ಬಂದರು, ಮೀನುಗಾರಿಕೆ, ಸೀಬರ್ಡ್ ನೌಕಾನೆಲೆಯ ನಿರಾಶ್ರಿತರ ಪರಿಹಾರ ಅಥವಾ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಆಗಿರಬಹುದು.

ನಾನು ಹಿಡಿದದ್ದು 2023ರ ಅರಣ್ಯ ಸಂರಕ್ಷಣಾ ತಿದ್ದುಪಡಿ ಮಸೂದೆ. ಅದು ಆ ವರ್ಷದ ಮಾರ್ಚ್ 29ರಂದು ಲೋಕಸಭೆಯಲ್ಲಿ ಮಂಡನೆಯಾಗಿ, ಜಂಟಿ ಸಂಸದೀಯ ಸಮಿತಿಗೆ ಹೋಗಿ, ಜುಲೈ 26ರಂದು ಲೋಕಸಭೆಯ, ಆಗಸ್ಟ್ 2ರಂದು ರಾಜ್ಯಸಭೆಯ ಒಪ್ಪಿಗೆ ಪಡೆಯಿತು. ಯಾವುದೇ ಮಸೂದೆಯ ಜಾಡು ಹಿಡಿಯುವವರು ಇಂಥ ದಿನಾಂಕಗಳ ಸಣ್ಣ ಪಟ್ಟಿಯೊಂದನ್ನು ಮೊದಲೇ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ಸದನದ ದಾಖಲೆಗಳೆಲ್ಲ ದಿನಾಂಕದ ಅನುಕ್ರಮದಲ್ಲೇ ಜೋಡಣೆಯಾಗಿವೆ. ಸಂಸತ್ತಿನ 'ಸಂಸದ್ ಡಾಟ್ ಇನ್' ಜಾಲತಾಣದಲ್ಲಿ ರಾಜ್ಯಸಭೆಯ ವಿಭಾಗಕ್ಕೆ ಹೋದರೆ ಸದಸ್ಯರು, ಮಸೂದೆಗಳು, ಪ್ರಶ್ನೆಗಳು, ಚರ್ಚೆಗಳು ಎಂದು ಬೇರೆ ಬೇರೆ ಬಾಗಿಲುಗಳಿವೆ. ಲೋಕಸಭೆಯಂತೆ ರಾಜ್ಯಸಭೆ ವಿಸರ್ಜನೆಯಾಗುವುದಿಲ್ಲವಾದ್ದರಿಂದ ಅದರ ಅಧಿವೇಶನಗಳಿಗೆ 1952ರಿಂದಲೂ ಒಂದೇ ಸರಣಿಯ ಸಂಖ್ಯೆಗಳಿವೆ. 2023ರ ಮಳೆಗಾಲದ ಅಧಿವೇಶನ 260ನೆಯದು. ಹುಡುಕುವ ಪುಟ ಈ ಸಂಖ್ಯೆಯನ್ನೇ ಕೇಳುವುದರಿಂದ ಅದನ್ನೂ ಬರೆದಿಟ್ಟುಕೊಳ್ಳಿ. ಸದನದ ಕಲಾಪ ಕೆಲವೊಮ್ಮೆ ಮಧ್ಯರಾತ್ರಿ ದಾಟುತ್ತದೆ. ವಕ್ಫ್ ತಿದ್ದುಪಡಿ ಮಸೂದೆಯ ಚರ್ಚೆ 2025ರ ಏಪ್ರಿಲ್ 3ರಂದು ಆರಂಭವಾಗಿ, ಮತದಾನ ಮುಗಿದದ್ದು 4ರ ನಸುಕಿನಲ್ಲಿ. ಇಂಥ ಸಂದರ್ಭದಲ್ಲಿ ಎರಡೂ ದಿನಾಂಕಗಳಡಿ ನೋಡಬೇಕು.

ಮತದ ದಾಖಲೆ: ಎಲ್ಲ ಮಸೂದೆಗೂ ಹೆಸರಿನ ಪಟ್ಟಿ ಇರುವುದಿಲ್ಲ

ಇಲ್ಲಿಯೇ ಹೆಚ್ಚಿನವರು ಎಡವುವುದು, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸದನದಲ್ಲಿ ಬಹುಪಾಲು ಮಸೂದೆಗಳು ಧ್ವನಿಮತದಿಂದ ಅಂಗೀಕಾರವಾಗುತ್ತವೆ. ಪೀಠದಲ್ಲಿ ಕೂತವರು ಪರವಾಗಿರುವವರನ್ನೂ ವಿರುದ್ಧವಾಗಿರುವವರನ್ನೂ ಒಂದೊಂದಾಗಿ ಕೇಳುತ್ತಾರೆ, ಸದಸ್ಯರು 'ಆಯ್' ಅಥವಾ 'ನೋ' ಎಂದು ಕೂಗುತ್ತಾರೆ, ಯಾವ ಸದ್ದು ಹೆಚ್ಚೆಂದು ಪೀಠಕ್ಕೆ ಅನ್ನಿಸಿತೋ ಅದರಂತೆ ತೀರ್ಮಾನವಾಗುತ್ತದೆ. ಹೀಗೆ ಮುಗಿದ ಮಸೂದೆಯಲ್ಲಿ ಯಾರು ಯಾವ ಕಡೆ ಇದ್ದರು ಎಂಬ ಪಟ್ಟಿ ಎಲ್ಲಿಯೂ ಇರುವುದಿಲ್ಲ, ಏಕೆಂದರೆ ಅಂಥ ಪಟ್ಟಿ ತಯಾರಾಗಿಯೇ ಇಲ್ಲ. ಅರಣ್ಯ ತಿದ್ದುಪಡಿ ಮಸೂದೆ ರಾಜ್ಯಸಭೆಯಲ್ಲಿ ಅಂಗೀಕಾರವಾದದ್ದು ಹೀಗೆ ಧ್ವನಿಮತದಿಂದಲೇ, ಅದೂ ಮಣಿಪುರದ ವಿಷಯದಲ್ಲಿ ವಿರೋಧ ಪಕ್ಷಗಳು ಸಭಾತ್ಯಾಗ ಮಾಡಿದ ನಂತರ. ಆದ್ದರಿಂದ 'ಇಂಥವರು ಈ ಮಸೂದೆಯ ಪರ ಮತ ಹಾಕಿದರು' ಎಂದಾಗಲಿ, 'ವಿರುದ್ಧ ಮತ ಹಾಕಿದರು' ಎಂದಾಗಲಿ ಯಾರಾದರೂ ಹೇಳಿದರೆ, ಅದಕ್ಕೆ ಆಧಾರ ಇರಲು ಸಾಧ್ಯವೇ ಇಲ್ಲ.

ಧ್ವನಿಮತವನ್ನು ಸದಸ್ಯರೊಬ್ಬರು ಪ್ರಶ್ನಿಸಿ ಮತ ವಿಭಜನೆ, ಅಂದರೆ ಒಬ್ಬೊಬ್ಬರ ಮತವನ್ನೂ ಎಣಿಸುವುದನ್ನು, ಕೇಳಿದಾಗ ಮಾತ್ರ ಹೆಸರುಗಳು ದಾಖಲಾಗುತ್ತವೆ. ಕೇಳಿದ ಮಾತ್ರಕ್ಕೆ ಅದು ನಡೆದೇ ತೀರುತ್ತದೆ ಎಂದಲ್ಲ. 2020ರ ಸೆಪ್ಟೆಂಬರ್ 20ರಂದು ಕೃಷಿ ಮಸೂದೆಗಳ ಮೇಲೆ ವಿರೋಧ ಪಕ್ಷಗಳು ವಿಭಜನೆ ಕೇಳಿದ್ದರೂ ಗದ್ದಲದ ನಡುವೆ ಅವು ಧ್ವನಿಮತದಿಂದ ಅಂಗೀಕಾರವಾದವು. ಸಂವಿಧಾನ ತಿದ್ದುಪಡಿಯ ಸಂಗತಿ ಬೇರೆ. ಅದಕ್ಕೆ 368ನೇ ವಿಧಿಯ ಪ್ರಕಾರ ಸದನದ ಒಟ್ಟು ಸದಸ್ಯಬಲದ ಬಹುಮತವೂ, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಬೆಂಬಲವೂ ಬೇಕಾಗುವುದರಿಂದ ಎಣಿಕೆ ನಡೆಯಲೇಬೇಕು. ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ಶೇ. 10 ಮೀಸಲಾತಿ ನೀಡುವ ತಿದ್ದುಪಡಿ 2019ರ ಜನವರಿ 9ರಂದು 165–7 ಮತಗಳಿಂದ, ಮಹಿಳಾ ಮೀಸಲಾತಿಯ ತಿದ್ದುಪಡಿ 2023ರ ಸೆಪ್ಟೆಂಬರ್ 21ರಂದು 214–0 ಮತಗಳಿಂದ ಅಂಗೀಕಾರವಾದವು. ದಾಖಲೆ ಓದುವುದನ್ನು ಅಭ್ಯಾಸ ಮಾಡಲು ಇಂಥ ದಿನಗಳೇ ಒಳ್ಳೆಯವು, ಏಕೆಂದರೆ ಇಲ್ಲಿ ಪಟ್ಟಿ ಇದ್ದೇ ಇರುತ್ತದೆ.

ಆ ಪಟ್ಟಿ ಸಿಗುವುದು ಆ ದಿನದ ಚರ್ಚೆಯ ಅಕ್ಷರಶಃ ವರದಿಯಲ್ಲಿ, ಮಸೂದೆಯ ಚರ್ಚೆ ಮುಗಿದ ಜಾಗದಲ್ಲಿ. ಪುಟದ ಮೇಲೆ 'ಆಯ್ಸ್' ಎಂಬ ಶಬ್ದ, ಮುಂದೊಂದು ಸಂಖ್ಯೆ, ಅದರ ಕೆಳಗೆ ಹೆಸರುಗಳ ಸಾಲು. ಬಳಿಕ 'ನೋಸ್' ಎಂಬ ಶಬ್ದ, ಮತ್ತೆ ಹೆಸರುಗಳು. ಹೆಸರುಗಳು ನಾವು ಕರೆಯುವ ಕ್ರಮದಲ್ಲಿ ಇರುವುದಿಲ್ಲ. ಅಡ್ಡಹೆಸರು ಮೊದಲು ಬಂದು, ಅಲ್ಪವಿರಾಮ ಬಂದು, ನಂತರ 'ಶ್ರೀ' ಅಥವಾ 'ಶ್ರೀಮತಿ' ಬಂದು, ಕೊನೆಗೆ ಹೆಸರು ಬರುತ್ತದೆ: 'ಚಂದ್ರಶೇಖರ್, ಶ್ರೀ ಜಿ.ಸಿ.' ಎಂಬ ಮಾದರಿಯಲ್ಲಿ. ನಾನು ಮೊದಲ ಸಲ ಪೂರ್ತಿ ಹೆಸರನ್ನು ಹುಡುಕುವ ಚೌಕದಲ್ಲಿ ಬೆರಳಚ್ಚಿಸಿ, ಏನೂ ಸಿಗದಾಗ ಆ ಸದಸ್ಯರು ಗೈರಾಗಿದ್ದರು ಎಂದೇ ಬರೆದುಕೊಂಡಿದ್ದೆ. ಮರುದಿನ ಪಟ್ಟಿಯನ್ನು ಸಾಲು ಸಾಲಾಗಿ ಓದುವಾಗ ಹೆಸರು ತಲೆಕೆಳಗಾಗಿ ಅಲ್ಲೇ ಇತ್ತು. ಒಬ್ಬ ಜನಪ್ರತಿನಿಧಿಯ ಮೇಲೆ ಸುಳ್ಳು ಆರೋಪ ಹೊರಿಸಿಬಿಡುತ್ತಿದ್ದೆನಲ್ಲ ಎಂದು ಆಗ ನಿಜಕ್ಕೂ ಅಳುಕಿದೆ. ಅಂದಿನಿಂದ ಪಟ್ಟಿಯನ್ನು ಕಣ್ಣಿನಿಂದಲೇ ಓದುತ್ತೇನೆ. ಪೀಠದವರು ಫಲಿತಾಂಶ ಘೋಷಿಸುವಾಗ 'ತಿದ್ದುಪಡಿಗೆ ಒಳಪಟ್ಟು' ಎಂದು ಸೇರಿಸುವುದುಂಟು, ಏಕೆಂದರೆ ಮತ ಹಾಕಲು ಗುಂಡಿ ಒತ್ತುವುದರಲ್ಲಿ ತಪ್ಪಿದವರು ಚೀಟಿಯ ಮೂಲಕ ತಮ್ಮ ಮತವನ್ನು ಸರಿಪಡಿಸಬಹುದು. ಆ ದಿನದ ಸುದ್ದಿಯಲ್ಲಿ ಬಂದ ಸಂಖ್ಯೆಗೂ ಅಂತಿಮ ವರದಿಯ ಸಂಖ್ಯೆಗೂ ಕೆಲವೊಮ್ಮೆ ವ್ಯತ್ಯಾಸವಿರುವುದಕ್ಕೆ ಇದೂ ಒಂದು ಕಾರಣ.

ಎರಡೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಏನೆಂದು ತಿಳಿಯಬೇಕು? ಆ ಸದಸ್ಯರು ಅಂದು ದೆಹಲಿಯಲ್ಲೇ ಇಲ್ಲದಿರಬಹುದು, ಅನಾರೋಗ್ಯದಿಂದ ರಜೆ ಪಡೆದಿರಬಹುದು, ಪಕ್ಷದ ನಿರ್ಧಾರದಂತೆ ಸಭಾತ್ಯಾಗ ಮಾಡಿರಬಹುದು, ಇಲ್ಲವೇ ತಟಸ್ಥರಾಗಿ ಉಳಿದಿರಬಹುದು. ಈ ನಾಲ್ಕಕ್ಕೂ ಬೇರೆ ಬೇರೆ ಅರ್ಥವಿದೆ. ತಟಸ್ಥರೆಂದು ನಮೂದಿಸಿದವರ ಹೆಸರು ಪ್ರತ್ಯೇಕವಾಗಿ ಬರುತ್ತದೆ. ಸಭಾತ್ಯಾಗವಾದರೆ ಚರ್ಚೆಯ ನಡುವೆ ಆವರಣದಲ್ಲಿ 'ಈ ಹಂತದಲ್ಲಿ ಕೆಲವು ಸದಸ್ಯರು ಸದನದಿಂದ ಹೊರನಡೆದರು' ಎಂಬರ್ಥದ ಒಂದು ಸಾಲು ಇರುತ್ತದೆ. ರಜೆಯಾದರೆ ಬೇರೊಂದು ದಿನದ ಕಲಾಪದಲ್ಲಿ ಸಭಾಪತಿಯವರು ಸದನದ ಅನುಮತಿ ಕೇಳಿದ ದಾಖಲೆ ಸಿಗುತ್ತದೆ. ಗೈರುಹಾಜರಿ ಫಲಿತಾಂಶವನ್ನೇ ತಿರುಗಿಸಬಲ್ಲದು ಎಂಬುದನ್ನು ತ್ರಿವಳಿ ತಲಾಖ್ ಮಸೂದೆಯ ದಿನ ನೋಡಬಹುದು. 2019ರ ಜುಲೈ 30ರಂದು ಅದು 99–84 ಮತಗಳಿಂದ ಅಂಗೀಕಾರವಾಯಿತು. 240ಕ್ಕೂ ಹೆಚ್ಚು ಸ್ಥಾನಗಳಿರುವ ಸದನದಲ್ಲಿ ಎರಡೂ ಕಡೆಯ ಮತ ಕೂಡಿಸಿದರೆ ಸಿಗುವುದು 183 ಮಾತ್ರ. ಉಳಿದವರು ಎಲ್ಲಿದ್ದರು ಎಂಬ ಪ್ರಶ್ನೆ ಹಾಕಿದ ಮೇಲಷ್ಟೇ ಆ ದಿನದ ಮತದಾನ ಅರ್ಥವಾಗುತ್ತದೆ.

ಮತದ ಹಿಂದೆ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ, ಇರುತ್ತದೆ ಎಂಬುದನ್ನೂ ಮರೆಯಬಾರದು. 1985ರಲ್ಲಿ ಸೇರಿದ ಸಂವಿಧಾನದ ಹತ್ತನೇ ಅನುಸೂಚಿಯ ಪ್ರಕಾರ, ಪಕ್ಷದ ಆದೇಶ ಮೀರಿ ಮತ ಹಾಕಿದ ಅಥವಾ ಮತದಾನದಿಂದ ದೂರವುಳಿದ ಸದಸ್ಯರು ಸ್ಥಾನವನ್ನೇ ಕಳೆದುಕೊಳ್ಳಬಹುದು. ಹೀಗಾಗಿ ಮತವು ಪಕ್ಷದ ನಿಲುವನ್ನು ಹೇಳುವಷ್ಟು ಸದಸ್ಯರ ಸ್ವಂತ ನಿಲುವನ್ನು ಹೇಳದು. ಸ್ವಂತ ನಿಲುವನ್ನು ಅರಿಯಬೇಕೆಂದರೆ ಅವರ ಮಾತುಗಳನ್ನು ಓದಬೇಕು.

ಮಾತಿನ ದಾಖಲೆ: ಎಷ್ಟು ಸಲ ಎಂಬುದಲ್ಲ, ಏನು ಎಂಬುದು

ಪಿ.ಆರ್.ಎಸ್. ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆ ತನ್ನ ಜಾಲತಾಣದಲ್ಲಿ ಪ್ರತಿಯೊಬ್ಬ ಸದಸ್ಯರೂ ಪಾಲ್ಗೊಂಡ ಚರ್ಚೆಗಳ ಪಟ್ಟಿಯನ್ನು ದಿನಾಂಕ ಮತ್ತು ಶೀರ್ಷಿಕೆ ಸಹಿತ ಕೊಡುತ್ತದೆ. ಆ ಪಟ್ಟಿಯನ್ನು ನಾನು ವಿಷಯಸೂಚಿಯಂತೆ ಮಾತ್ರ ಬಳಸುತ್ತೇನೆ: ದಿನಾಂಕವನ್ನು ಅಲ್ಲಿಂದ ತೆಗೆದುಕೊಂಡು, ಮಾತನ್ನು ಸದನದ ಮೂಲ ವರದಿಯಲ್ಲೇ ಓದುತ್ತೇನೆ. ಚರ್ಚೆಯ ಸಂಖ್ಯೆ ಹೆಚ್ಚಿರುವುದನ್ನೇ ದೊಡ್ಡ ಸಾಧನೆಯೆಂದು ತಿಳಿಯುವುದು ತಪ್ಪು. ಮಸೂದೆಯ ಚರ್ಚೆಯಲ್ಲಿ ಪಕ್ಷಗಳ ಬಲಕ್ಕೆ ತಕ್ಕಂತೆ ಸಮಯ ಹಂಚಿಕೆಯಾಗುವುದರಿಂದ ಸಣ್ಣ ಪಕ್ಷದ ಸದಸ್ಯರಿಗೆ ಎರಡು ಮೂರು ನಿಮಿಷ ಸಿಕ್ಕರೆ ಹೆಚ್ಚು, ದೊಡ್ಡ ಪಕ್ಷದಲ್ಲಿ ಯಾರು ಮಾತಾಡಬೇಕೆಂಬುದನ್ನು ನಾಯಕರು ತೀರ್ಮಾನಿಸುತ್ತಾರೆ.

ಶೂನ್ಯ ವೇಳೆಯ ಪ್ರಸ್ತಾಪವೂ ವಿಶೇಷ ಪ್ರಸ್ತಾಪವೂ ಸದಸ್ಯರು ತಾವೇ ಆರಿಸಿ ತರುವ ವಿಷಯಗಳು. ಮೊದಲನೆಯದಕ್ಕೆ ಸಿಗುವುದು ಮೂರು ನಿಮಿಷ, ಎರಡನೆಯದು 250 ಪದಗಳಿಗೆ ಮೀರದ ಬರಹ. ಜಿಲ್ಲೆಯ ಕಷ್ಟ ಸುಖಗಳು ಸದನಕ್ಕೆ ಬರುವುದು ಹೆಚ್ಚಾಗಿ ಈ ದಾರಿಯಲ್ಲೇ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ, ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿದ್ದಾಗ, ಸಂಸತ್ತಿನ ಬಜೆಟ್ ಅಧಿವೇಶನ ಹತ್ತಿರದಲ್ಲಿತ್ತು ಅಥವಾ ನಡೆಯುತ್ತಿತ್ತು; ಅದು ಜುಲೈ 22ರಿಂದ ಆಗಸ್ಟ್ 9ರವರೆಗೆ ಸೇರಿತ್ತು. ಆ ಅಧಿವೇಶನದ ಶೂನ್ಯ ವೇಳೆಯ ಪುಟಗಳನ್ನು ತೆರೆದು, ಈ ಎರಡೂ ಜಾಗಗಳಲ್ಲಿ ಹಾದುಹೋಗುವ ಹೆದ್ದಾರಿ 66ರ ಮಾತು ಯಾರ ಬಾಯಲ್ಲಿ ಬಂತು, ಬಂದಿತೇ ಎಂದು ನೋಡುವುದು ಅಭ್ಯಾಸಕ್ಕೆ ತಕ್ಕ ಕೆಲಸ.

ಹಾಗೆ ಓದುವಾಗ ಒಂದು ಎಚ್ಚರಿಕೆ. ಒಬ್ಬ ಸದಸ್ಯರು ಮಾತು ಮುಗಿಸಿದ ಕೂಡಲೇ ಹತ್ತಾರು ಸದಸ್ಯರು 'ನಾನೂ ಈ ಪ್ರಸ್ತಾಪದೊಂದಿಗೆ ಸೇರುತ್ತೇನೆ' ಎನ್ನುತ್ತಾರೆ, ಅವರ ಹೆಸರುಗಳೆಲ್ಲ ವರದಿಯಲ್ಲಿ ಮುದ್ರಣವಾಗುತ್ತವೆ. ಹುಡುಕುವ ಚೌಕ ಅದನ್ನೂ ತಂದು ತೋರಿಸುತ್ತದೆ. ಅದು ಬೆಂಬಲದ ಸೂಚನೆ ಹೌದು, ಭಾಷಣವಲ್ಲ; ನಿಮ್ಮ ಟಿಪ್ಪಣಿಯಲ್ಲಿ ಎರಡನ್ನೂ ಬೇರೆ ಬೇರೆ ಬರೆಯಿರಿ. ವರದಿಯಲ್ಲಿ ನಕ್ಷತ್ರ ಚಿಹ್ನೆ ಕಂಡರೆ ಪೀಠದ ಆದೇಶದಂತೆ ಆ ಮಾತನ್ನು ಕಡತದಿಂದ ತೆಗೆಯಲಾಗಿದೆ ಎಂದು ತಿಳಿಯಬೇಕು. ಅಲ್ಲಿ ಏನಿತ್ತೆಂದು ಊಹಿಸಿ ತುಂಬಿಸಬಾರದು.

ಭಾಷೆಯ ತೊಡಕೂ ಇದೆ. ಹಿಂದಿಯಲ್ಲಿ ಆಡಿದ ಮಾತು ನಾಗರಿ ಲಿಪಿಯಲ್ಲೇ ಇರುತ್ತದೆ, ಇಂಗ್ಲಿಷಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಮುಂಚಿತವಾಗಿ ತಿಳಿಸಿ ಕನ್ನಡದಲ್ಲಿ ಮಾತಾಡಿದವರ ಭಾಷಣ ವರದಿಯಲ್ಲಿ ಅನುವಾದವಾಗಿ ಬರಬಹುದು. ಮೂಲ ದನಿ ಬೇಕಿದ್ದರೆ ಸಂಸದ್ ಟಿ.ವಿ.ಯ ಯೂಟ್ಯೂಬ್ ವಾಹಿನಿಯಲ್ಲಿ ಆ ದಿನದ ಕಲಾಪವನ್ನು ಕೇಳಬೇಕು. ನಮ್ಮ ಊರುಗಳ ಕಾಗುಣಿತವನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ: ಹೊನ್ನಾವರಕ್ಕೆ ಒಂದು 'ಎನ್' ಇರುವುದೂ ಉಂಟು, ಎರಡು ಇರುವುದೂ ಉಂಟು, 'ಉತ್ತರ' ಎಂಬುದರ ಕೊನೆಯ 'ಎ' ಕೆಲವೆಡೆ ಇದೆ, ಕೆಲವೆಡೆ ಇಲ್ಲ, ಹಳೆಯ ಚರ್ಚೆಗಳಲ್ಲಿ ಜಿಲ್ಲೆಯ ಹೆಸರೇ 'ನಾರ್ತ್ ಕೆನರಾ'. ಅಡಿಕೆಯನ್ನು 'ಅರೆಕಾನಟ್' ಎಂದು ಕೂಡಿಸಿಯೂ ಬಿಡಿಸಿಯೂ, 'ಸುಪಾರಿ' ಎಂದು ಹಿಂದಿಯಲ್ಲಿಯೂ ಹುಡುಕಿದ ಮೇಲಷ್ಟೇ 'ಯಾರೂ ಕೇಳಿಲ್ಲ' ಎನ್ನುವ ಅಧಿಕಾರ ನಮಗೆ ಬರುತ್ತದೆ.

ಪ್ರಶ್ನೆಗಳು, ಸಮಿತಿಗಳು, ಹಾಜರಾತಿ

ಪ್ರಶ್ನೆಗಳನ್ನು ಸದಸ್ಯರ ಹೆಸರು, ಸಚಿವಾಲಯ ಮತ್ತು ವಿಷಯದ ಮೇಲೆ ಹುಡುಕಬಹುದು. ದಿನಕ್ಕೆ 15 ಚುಕ್ಕೆ ಗುರುತಿನ ಪ್ರಶ್ನೆಗಳಿಗೆ ಬಾಯ್ದೆರೆ ಉತ್ತರವೂ 160 ಚುಕ್ಕೆರಹಿತ ಪ್ರಶ್ನೆಗಳಿಗೆ ಲಿಖಿತ ಉತ್ತರವೂ ನಿಗದಿಯಾಗಿರುತ್ತದೆ. ಪ್ರಶ್ನೆಗಿಂತ ಉತ್ತರವನ್ನು ಗಮನವಿಟ್ಟು ಓದಿ. ಮಂತ್ರಿಗಳ ಉತ್ತರ ತಪ್ಪಿಸಿಕೊಳ್ಳುವಂತಿದ್ದಾಗ, ಅದೇ ಸದಸ್ಯರು ಮುಂದಿನ ಅಧಿವೇಶನದಲ್ಲಿ ಮತ್ತೆ ಕೇಳಿದ್ದಾರೆಯೇ ಎಂದು ನೋಡಿದರೆ ಕಾಳಜಿಯ ಆಳ ಗೊತ್ತಾಗುತ್ತದೆ.

ಸದಸ್ಯರ ನಿಜವಾದ ದುಡಿಮೆ ಎಷ್ಟೋ ಸಲ ಸಮಿತಿಯ ಕೋಣೆಯಲ್ಲಿ ನಡೆದಿರುತ್ತದೆ. ಸಮಿತಿಯ ವರದಿಯ ಕೊನೆಯ ಪುಟಗಳಲ್ಲಿ ಸಭೆಗಳ ನಡಾವಳಿ, ಹಾಜರಿದ್ದವರ ಹೆಸರು, ಒಪ್ಪದವರ ಭಿನ್ನಾಭಿಪ್ರಾಯ ಟಿಪ್ಪಣಿಗಳು ಇರುತ್ತವೆ. ಅರಣ್ಯ ತಿದ್ದುಪಡಿಯ ಜಂಟಿ ಸಮಿತಿಯ ವರದಿಯಲ್ಲೂ ಅಂಥ ಟಿಪ್ಪಣಿಗಳಿವೆ. ಆ ಮಸೂದೆಯನ್ನು ಪರಿಸರ ವಿಷಯದ ಸ್ಥಾಯಿ ಸಮಿತಿಗೆ ಕೊಡದೆ ಜಂಟಿ ಸಮಿತಿಗೆ ಕೊಟ್ಟದ್ದನ್ನು, ಆಗ ಆ ಸ್ಥಾಯಿ ಸಮಿತಿಯ ಅಧ್ಯಕ್ಷರಾಗಿದ್ದ, ಕರ್ನಾಟಕದಿಂದಲೇ ಆಯ್ಕೆಯಾಗಿರುವ ಜೈರಾಂ ರಮೇಶ್ ಸಾರ್ವಜನಿಕವಾಗಿ ಆಕ್ಷೇಪಿಸಿದ್ದರು. ಮತದ ಪಟ್ಟಿಯನ್ನಷ್ಟೇ ನೋಡುವವರಿಗೆ ಇಂಥ ನಿಲುವುಗಳು ಕಾಣಿಸುವುದೇ ಇಲ್ಲ.

ಹಾಜರಾತಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮಂತ್ರಿಗಳೂ ವಿರೋಧ ಪಕ್ಷದ ನಾಯಕರೂ ಹಾಜರಿ ಪುಸ್ತಕದಲ್ಲಿ ಸಹಿ ಮಾಡುವುದಿಲ್ಲ, ಮಂತ್ರಿಗಳು ಪ್ರಶ್ನೆ ಕೇಳುವುದೂ ಇಲ್ಲ. ಅವರ ಮುಂದೆ ಖಾಲಿ ಮನೆ ಕಂಡರೆ ಅದನ್ನು ಸೋಮಾರಿತನವೆಂದು ಓದಬಾರದು. ಉಳಿದವರ ಸಹಿ, ಅವರು ಆ ದಿನ ಬಂದಿದ್ದರು ಎಂಬುದನ್ನಷ್ಟೇ ಹೇಳುತ್ತದೆ.

ಬರೆದಿಡುವುದು

ಕೊನೆಗೆ ನಾನು ಹಿರಿಯರಿಗೆ ಕೊಟ್ಟದ್ದು ಒಂದು ಹಾಳೆ. ಅದರಲ್ಲಿ ಮೇಲುಗಡೆ ಮಸೂದೆಯ ಹೆಸರು ಮತ್ತು ದಿನಾಂಕ, ಕೆಳಗೆ 'ಧ್ವನಿಮತ; ಹೆಸರಿನ ಪಟ್ಟಿ ಇಲ್ಲ' ಎಂಬ ಸಾಲು, ಆಮೇಲೆ ಹನ್ನೆರಡು ಹೆಸರುಗಳು. ಪ್ರತಿ ಹೆಸರಿನ ಮುಂದೆ ನಾಲ್ಕು ಮನೆ: ಆ ಚರ್ಚೆಯಲ್ಲಿ ಮಾತಾಡಿದರೇ, ತಿದ್ದುಪಡಿ ಸೂಚಿಸಿದರೇ, ಸಮಿತಿಯಲ್ಲಿದ್ದರೇ, ಅದಕ್ಕೂ ಮೊದಲು ಅಥವಾ ನಂತರ ಇದೇ ವಿಷಯದ ಪ್ರಶ್ನೆ ಕೇಳಿದರೇ. ಉತ್ತರ ಸಿಕ್ಕಲ್ಲಿ ದಿನಾಂಕ ಮತ್ತು ಪುಟಸಂಖ್ಯೆ, ಸಿಗದಲ್ಲಿ ಖಾಲಿ. ಹಾಳೆಯ ಅಂಚಿನಲ್ಲಿ, ನಾನು ವರದಿಯನ್ನು ನೋಡಿದ ದಿನವನ್ನೂ ಬರೆದಿದ್ದೆ, ಏಕೆಂದರೆ ಮೊದಲು ಪ್ರಕಟವಾಗುವುದು ತಿದ್ದದ ಪ್ರತಿ, ಪರಿಷ್ಕೃತ ಪ್ರತಿ ಆಮೇಲೆ ಬರುತ್ತದೆ, ಎರಡರ ನಡುವೆ ಪದಗಳು ಬದಲಾಗಬಹುದು.

ಅವರು ಕನ್ನಡಕ ಹಾಕಿಕೊಂಡು ಹಾಳೆಯನ್ನು ಎರಡು ಸಲ ಓದಿ, ಖಾಲಿ ಮನೆಗಳ ಮೇಲೆ ಬೆರಳಿಟ್ಟು, "ಇವ್ರಿಗೆಲ್ಲ ಒಂದು ಕಾಗದ ಬರೆಯನ, ನೀ ವಿಳಾಸ ಹುಡುಕು" ಎಂದರು. ಸದಸ್ಯರ ದೆಹಲಿಯ ವಿಳಾಸವೂ ಊರಿನ ವಿಳಾಸವೂ ಅವರವರ ಪರಿಚಯ ಪುಟದಲ್ಲೇ ಇವೆ. ಕಾಗದವನ್ನು ಕನ್ನಡದಲ್ಲೇ ಬರೆಯಬಹುದು. ಮಸೂದೆಯ ಹೆಸರು, ಕಲಾಪದ ದಿನಾಂಕ ಮತ್ತು ನಿಮ್ಮ ಒಂದೇ ಒಂದು ಪ್ರಶ್ನೆ ಮೊದಲ ನಾಲ್ಕು ಸಾಲಿನೊಳಗೆ ಬರುವಂತೆ ನೋಡಿಕೊಂಡು, ದಾಖಲೆಯ ಆ ಪುಟದ ನೆರಳಚ್ಚು ಪ್ರತಿಯನ್ನು ಜೊತೆಗಿಟ್ಟು ಕಳುಹಿಸಿ.